ಹಿತ್ತಲ ಪೀಚ್, ಏಪ್ರಿಕಾಟ್, ಪ್ಲಮ್: ಗೊಬ್ಬರ ಎಷ್ಟು, ಔಷಧಿ ಯಾವಾಗ? (ಸ್ಯಾನ್ ಹೋಸೆ)

ಹಿತ್ತಲ_ಬಾಗಿಲು ಕೇಳಿದ್ದು:

ನಮಸ್ಕಾರ. ಮನೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಹಿತ್ತಲಲ್ಲಿ ಮೂರು ಹಣ್ಣಿನ ಮರಗಳಿವೆ. ಐದು ವರ್ಷದ ಸೆಮಿ ಡ್ವಾರ್ಫ್ (ಅರೆಕುಳ್ಳ) ಪೀಚ್, ಮನೆ ಕೊಳ್ಳುವಾಗಲೇ ಇದ್ದ ಹಳೇ ಬ್ಲೆನ್‌ಹೈಮ್ ಏಪ್ರಿಕಾಟ್ (ಸುಮಾರು 15 ಅಡಿ), ಲಾನ್ ಮಧ್ಯದಲ್ಲಿ ಸಾಂಟಾ ರೋಸಾ ಪ್ಲಮ್. ಮಣ್ಣು ಜೇಡಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ.

ತೊಂದರೆ ಒಂದೊಂದಕ್ಕೆ ಒಂದೊಂದು. ಪೀಚ್‌ನಲ್ಲಿ ಮಾರ್ಚ್ ಬಂತೆಂದರೆ ಹೊಸ ಎಲೆ ಕೆಂಪಗೆ ದಪ್ಪಗಾಗಿ ಸುರುಟಿಕೊಳ್ಳುತ್ತೆ. ಆಗ ಬೇವಿನೆಣ್ಣೆ ಹೊಡೆದರೆ ಏನೂ ವ್ಯತ್ಯಾಸ ಕಾಣಲ್ಲ. ಬೇಸಿಗೆಯಲ್ಲಿ ಅದರ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಏಪ್ರಿಕಾಟ್‌ನಲ್ಲಿ ಹೂ ಕಂದಾಗಿ ಕೊಂಬೆಗೇ ಅಂಟಿಕೊಂಡು ಒಣಗುತ್ತೆ, ಆ ಜಾಗದಲ್ಲಿ ಅಂಟು ಸೋರುತ್ತೆ. ಹಣ್ಣಾಗೋ ಹೊತ್ತಿಗೆ ಅರ್ಧ ಕೊಳೆತು ಬೂದು ಬಣ್ಣದ ಪುಡಿ ಬರುತ್ತೆ. ಪ್ಲಮ್ ನಾಲ್ಕು ನಾಲ್ಕು ಅಡಿ ಚಿಗುರು ಹೊಡೆಯುತ್ತೆ, ತುಂಬ ಹೇನು, ಹಣ್ಣು ಸಪ್ಪೆ.

ಈಗ ನವೆಂಬರ್ ಮೊದಲ ವಾರ, ಪೀಚ್ ಎಲೆ ಉದುರೋಕೆ ಶುರುವಾಗಿದೆ. ಈಗಲೇ ಗೊಬ್ಬರ ಹಾಕಿಬಿಡಲಾ? ಮೂರಕ್ಕೂ ಒಂದೇ ಔಷಧಿ ಸಾಕಾ? ಊರಲ್ಲಿ ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣ ಇದಕ್ಕೆ ಆಗುತ್ತಾ? ಸಾವಯವವಾದರೆ ಒಳ್ಳೇದು, ಆದರೆ ಹಠವೇನೂ ಇಲ್ಲ.

---

ಗೊಬ್ಬರದ_ಗುಂಡಿ ಉತ್ತರ:

ಗೊಬ್ಬರದ ಮಟ್ಟಿಗೆ ನಾನು ಹೇಳ್ತೀನಿ, ಔಷಧಿ ಬಗ್ಗೆ ಬೇರೆಯವರು ಬರೀತಾರೆ.

ಈಗ ಹಾಕಬೇಡಿ. ಎಲೆ ಉದುರಿದ ಮರ ಸಾರಜನಕವನ್ನು ಹೆಚ್ಚುಕಡಿಮೆ ಹೀರೋದೇ ಇಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಮಳೆ ಅದನ್ನು ಬೇರಿಗಿಂತ ಕೆಳಕ್ಕೆ ತೊಳೆದು ಹಾಕುತ್ತೆ. ಮರದಲ್ಲಿ ಎಲೆ ಇದ್ದಾಗ ಹಾಕಬೇಕು. ಅರ್ಧ ಪಾಲು ಕಾಯಿ ಕಚ್ಚಿದ್ದು ಖಚಿತವಾದ ಮೇಲೆ, ಅಂದರೆ ನಿಮ್ಮ ಕಡೆ ಏಪ್ರಿಲ್‌ನಲ್ಲಿ. ಇನ್ನರ್ಧ ಹಣ್ಣು ಕೊಯ್ದಾದ ಮೇಲೆ, ಆಗಸ್ಟ್ ದಾಟದ ಹಾಗೆ. ಮುಂದಿನ ವರ್ಷದ ಹೂಮೊಗ್ಗು ರೂಪುಗೊಳ್ಳೋದು ಬೇಸಿಗೆಯ ಕೊನೆಯಲ್ಲಿ. ಹಾಗಾಗಿ ಕೊಯ್ಲಾದ ಮೇಲಿನ ಈ ಎರಡನೇ ಕಂತನ್ನು ಮರೆಯಬಾರದು. ಮರೆಯೋರೇ ಜಾಸ್ತಿ.

ಎಷ್ಟು ಅನ್ನೋದಕ್ಕೆ ಚೀಲದ ಮೇಲಿನ ಮೊದಲ ಅಂಕಿ ನೋಡಿ, ಅದು ಸಾರಜನಕದ ಶೇಕಡಾವಾರು. ಕ್ಯಾಲಿಫೋರ್ನಿಯಾದ ಹೆಚ್ಚಿನ ಹಿತ್ತಲ ಮಣ್ಣಲ್ಲಿ ರಂಜಕ, ಪೊಟ್ಯಾಶ್ ಸಾಕಷ್ಟಿರುತ್ತೆ. ಹಣ್ಣಿನ ಮರಕ್ಕೆ ಕೊರತೆ ಬೀಳೋದು ಸಾರಜನಕ. ಆದ್ದರಿಂದ 10-10-10 ತಂದು ಉಳಿದೆರಡಕ್ಕೆ ದುಡ್ಡು ಸುರಿಯೋದು ದಂಡ.

ಪೀಚ್, ನೆಕ್ಟರಿನ್‌ಗೆ ಮರದ ವಯಸ್ಸಿನ ಒಂದೊಂದು ವರ್ಷಕ್ಕೆ 0.1 ಪೌಂಡ್ ಸಾರಜನಕ, ಪೂರ್ತಿ ಬೆಳೆದ ದೊಡ್ಡ ಮರಕ್ಕೂ ವರ್ಷಕ್ಕೆ 1 ಪೌಂಡ್ ಮೀರಬಾರದು. ನಿಮ್ಮ ಐದು ವರ್ಷದ ಪೀಚ್‌ಗೆ ವರ್ಷಕ್ಕೆ ಅರ್ಧ ಪೌಂಡ್ ಆಯ್ತು. ಅಮೋನಿಯಂ ಸಲ್ಫೇಟ್ (21-0-0) ಆದರೆ ಸುಮಾರು 2.4 ಪೌಂಡ್, ಅಂದರೆ ಕಂತಿಗೆ 1.2. ಯೂರಿಯಾ (46-0-0) ಆದರೆ ಒಟ್ಟು 1.1 ಪೌಂಡ್. ಕೋಳಿ ಗೊಬ್ಬರದ ಗುಳಿಗೆ ಚೀಲದಲ್ಲಿ ಮೊದಲ ಅಂಕಿ 4 ಅಂತಿದ್ದರೆ ಕಂತಿಗೆ 6 ಪೌಂಡ್ ಚಿಲ್ಲರೆ. ಅದು ನಿಧಾನಕ್ಕೆ ಬಿಡುತ್ತೆ, ಅದಕ್ಕೇ ಎರಡು ಮೂರು ವಾರ ಮುಂಚೆ ಹಾಕಿ. ಏಪ್ರಿಕಾಟ್, ಪ್ಲಮ್, ಚೆರ್ರಿಗೆ ಇದರ ಅರ್ಧ. ನಿಮ್ಮದು ಜೇಡಿ ಮಣ್ಣು, ನಿಮ್ಮಲ್ಲಿ ಯೂರಿಯಾಗಿಂತ ಅಮೋನಿಯಂ ಸಲ್ಫೇಟ್ ಮೇಲು: ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಅನ್ನೂ ಚೂರು ಕೆಳಗೆ ಎಳೆಯುತ್ತೆ.

ಬುಡಕ್ಕೆ ಸುರಿಯಬೇಡಿ. ಕಾಂಡದಿಂದ ಎರಡಡಿ ಬಿಟ್ಟು, ಕೊಂಬೆಯ ತುದಿ ನೆಲಕ್ಕೆ ನೇರ ಬರುವ ಜಾಗದವರೆಗೆ ತೆಳ್ಳಗೆ ಎರಚಿ ತಕ್ಷಣ ನೀರು ಬಿಡಿ. ಯೂರಿಯಾ ಒಣ ನೆಲದ ಮೇಲೆ ಬಿದ್ದಿದ್ದರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ.

ಈ ಲೆಕ್ಕಕ್ಕಿಂತ ಮರವೇ ಸರಿಯಾದ ಅಳತೆ. ಟೇಪು ಹಿಡಿದು ಈ ವರ್ಷದ ಚಿಗುರಿನ ಉದ್ದ ನೋಡಿ. ಕಾಯಿ ಬಿಡುವ ಪೀಚ್‌ನಲ್ಲಿ 18ರಿಂದ 24 ಇಂಚು, ಏಪ್ರಿಕಾಟ್ ಮತ್ತು ಪ್ಲಮ್‌ನಲ್ಲಿ 10ರಿಂದ 18 ಇಂಚು ಇದ್ದರೆ ಹಾಕ್ತಿರೋದು ಸರಿ. ಕಡಿಮೆಯಾದರೆ ಸ್ವಲ್ಪ ಏರಿಸಿ, ಜಾಸ್ತಿಯಾದರೆ ಆ ವರ್ಷ ಬಿಟ್ಟೇಬಿಡಿ.

ನಿಮ್ಮ ಪ್ಲಮ್ 48 ಇಂಚು ಹೊಡೀತಿದೆ. ಅದಕ್ಕೆ ಗೊಬ್ಬರ ಹೋಗ್ತಿರೋದು ಲಾನ್ ಮೂಲಕ. ಹುಲ್ಲಿಗೆ ಹಾಕಿದ್ದನ್ನೆಲ್ಲ ಮರ ತಿನ್ನುತ್ತೆ. ಎಳೆ ಚಿಗುರು ಹೆಚ್ಚಿದಷ್ಟೂ ಹೇನು ಹೆಚ್ಚು. ಒಳಗಿನ ಕೊಂಬೆಗೆ ಬಿಸಿಲು ತಾಗದೆ ಹಣ್ಣು ತಡವಾಗುತ್ತೆ, ಸಪ್ಪೆಯಾಗುತ್ತೆ. ಕಾಂಡದ ಸುತ್ತ ಮೂರ್ನಾಲ್ಕು ಅಡಿ ಹುಲ್ಲು ತೆಗೆದು 3 ಇಂಚು ಮರದ ಚಕ್ಕೆ ಹೊದಿಸಿ, ಚಕ್ಕೆ ಕಾಂಡಕ್ಕೆ ತಾಗದಿರಲಿ. ಎರಡು ವರ್ಷ ಪ್ಲಮ್‌ಗೆ ಬೇರೆ ಗೊಬ್ಬರ ಬೇಡ. ಲಾನ್‌ಗೆ ‘ವೀಡ್ ಅಂಡ್ ಫೀಡ್’ ಬಳಸ್ತಿದ್ದರೆ ಇವತ್ತೇ ನಿಲ್ಲಿಸಿ. ಅದರಲ್ಲಿರೋ ಕಳೆನಾಶಕ ಮರದ ಬೇರಿಗೂ ಇಳಿಯುತ್ತೆ, ಎಲೆ ತಿರುಚಿಕೊಳ್ಳುತ್ತೆ. ಸ್ಪ್ರಿಂಕ್ಲರ್ ನೀರು ಕಾಂಡಕ್ಕೆ ಬಡಿಯೋದೂ ಕೆಟ್ಟದ್ದು, ಬುಡ ಕೊಳೆಯುತ್ತೆ.

ಪೀಚ್‌ನ ಹಳದಿ ಎಲೆ ಕಬ್ಬಿಣದ ಕೊರತೆ. ಹೆಚ್ಚಾಗಿ ಮಣ್ಣಲ್ಲಿ ಕಬ್ಬಿಣ ಇರುತ್ತೆ, ಬೇರಿಗೆ ಸಿಗಲ್ಲ. ಒಂದೋ ಪಿಎಚ್ 7.5 ದಾಟಿರುತ್ತೆ, ಇಲ್ಲವೋ ಜೇಡಿ ಮಣ್ಣಲ್ಲಿ ನೀರು ಜಾಸ್ತಿಯಾಗಿ ಬೇರಿಗೆ ಉಸಿರಾಡೋಕೆ ಜಾಗ ಇರಲ್ಲ. ಮೊದಲು ನೀರು ಸರಿಮಾಡಿ: ದಿನಾ ಹತ್ತು ನಿಮಿಷ ಬಿಡೋ ಬದಲು ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಎರಡಡಿ ಆಳಕ್ಕೆ ಇಳಿಯೋ ಹಾಗೆ. ಆಮೇಲೂ ಹಳದಿ ಉಳಿದರೆ ಚಿಲೇಟೆಡ್ ಕಬ್ಬಿಣ (ಬೇರಿಗೆ ಸಿಗೋ ರೂಪದ ಕಬ್ಬಿಣ) ತನ್ನಿ. ಲೇಬಲ್‌ನಲ್ಲಿ ಇಡಿಡಿಎಚ್‌ಎ ಅಂತಿರಲಿ. ಇಡಿಟಿಎ ಅಂತಿರೋದು ಕ್ಷಾರ ಮಣ್ಣಲ್ಲಿ ಕೆಲಸ ಮಾಡಲ್ಲ. ನಮ್ಮೋರು ಇಲ್ಲೇ ಬೂದಿ ಹಾಕೋ ತಪ್ಪು ಮಾಡ್ತಾರೆ. ಒಲೆ ಬೂದಿ, ಸುಣ್ಣ ಎರಡೂ ಪಿಎಚ್ ಏರಿಸುತ್ತವೆ, ನಿಮ್ಮ ಮಣ್ಣಿಗೆ ಬೇಡವೇ ಬೇಡ.

---

ಕತ್ತರಿ_ಕೈ ಉತ್ತರ:

ಪೀಚ್ ಎಲೆ ಸುರುಟು ರೋಗ ಅಂದರೆ ಇದೇ. ಟಫ್ರಿನಾ ಅನ್ನೋ ಶಿಲೀಂಧ್ರ. ಅದರ ಬೀಜಕಣಗಳು ಚಳಿಗಾಲವಿಡೀ ಕೊಂಬೆಯ ತೊಗಟೆ ಮೇಲೆ, ಮೊಗ್ಗಿನ ಪದರದಲ್ಲಿ ಕೂತಿರುತ್ತವೆ. ಮೊಗ್ಗು ಬಿರಿಯುವಾಗ ಮಳೆ ಬಂದರೆ ಎಳೆ ಎಲೆಯೊಳಗೆ ಇಳಿಯುತ್ತವೆ. ಎಲೆ ಕೆಂಪಾಗಿ ಕಾಣೋದು ಇದೆಲ್ಲ ಮುಗಿದು ವಾರಗಳಾದ ಮೇಲೆ. ಮಾರ್ಚ್‌ನಲ್ಲಿ ಬೇವಿನೆಣ್ಣೆಯಿರಲಿ, ಏನು ಹೊಡೆದರೂ ಆ ವರ್ಷಕ್ಕೆ ಉಪಯೋಗ ಇಲ್ಲ. ಬೋಳು ಮರಕ್ಕೆ ಹೊಡೀಬೇಕು.

ನಿಮ್ಮ ಕಡೆಗೆ ಎರಡು ಸಲ. ಮೊದಲನೆಯದು ಎಲೆ ಪೂರ್ತಿ ಉದುರಿದ ಮೇಲೆ, ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವೆ. ಎರಡನೆಯದು ಮೊಗ್ಗು ಉಬ್ಬುವ ಮುಂಚೆ, ಜನವರಿ ಕೊನೆ ಅಥವಾ ಫೆಬ್ರವರಿ ಮೊದಲ ವಾರ. ಇಲ್ಲಿ ಕ್ಯಾಲೆಂಡರ್ ನಂಬಬೇಡಿ, ಸಂಕ್ರಾಂತಿ ಆದಮೇಲೆ ಮೂರು ದಿನಕ್ಕೊಮ್ಮೆ ಮೊಗ್ಗು ನೋಡಿ. ಮಲಗಿರುವ ಮೊಗ್ಗು ಚೂಪಾಗಿ, ಬೂದಿ ಬಣ್ಣದ ಸಿಪ್ಪೆ ಬಿಗಿಯಾಗಿ ಮುಚ್ಚಿಕೊಂಡಿರುತ್ತೆ. ಉಬ್ಬಿದಾಗ ಸಿಪ್ಪೆ ಸಡಿಲವಾಗಿ ನಡುವೆ ತಿಳಿ ಗೆರೆ ಕಾಣುತ್ತೆ. ಹಸಿರು ತುದಿ ಇಣುಕಿತು ಅಂದರೆ ತಡವಾಯ್ತು.

ಔಷಧಿ ತಾಮ್ರದ್ದು. ಅಂಗಡಿಯಲ್ಲಿ ‘ಕಾಪರ್ ಫಂಗಿಸೈಡ್’ ಅಂತ ಎಲ್ಲವೂ ಒಂದೇ ಥರ ಕಂಡರೂ ಬಲ ಬೇರೆ ಬೇರೆ. ಲೇಬಲ್ ಕೆಳಗೆ ಸಣ್ಣಕ್ಷರದಲ್ಲಿ ‘ಮೆಟಾಲಿಕ್ ಕಾಪರ್ ಈಕ್ವಿವಲೆಂಟ್’ ಅಂತ ಇರುತ್ತೆ, ಅಂದರೆ ಅದರಲ್ಲಿರೋ ತಾಮ್ರದ ಪಾಲು, ಅದನ್ನೋದಿ. ಕಾಪರ್ ಸೋಪಿನಲ್ಲಿ (ಕಾಪರ್ ಆಕ್ಟನೋಯೇಟ್) 1.8 ಶೇಕಡಾ, ಕಾಪರ್ ಅಮೋನಿಯಂ ಕಾಂಪ್ಲೆಕ್ಸಿನಲ್ಲಿ 8 ಶೇಕಡಾ. ಎಲೆ ಸುರುಟು ಜೋರಾಗಿರೋ ಮರಕ್ಕೆ 8ರದ್ದು ತಗೊಳ್ಳಿ. ಜೊತೆಗೆ 1 ಶೇಕಡಾ ಹಾರ್ಟಿಕಲ್ಚರಲ್ ಆಯಿಲ್ (ಗಿಡಮರಕ್ಕೆ ಹೊಡೆಯೋ ಎಣ್ಣೆ) ಸೇರಿಸಿದರೆ ತೊಗಟೆಗೆ ಚೆನ್ನಾಗಿ ಹರಡಿ ಕಚ್ಚಿಕೊಳ್ಳುತ್ತೆ. ಎಣ್ಣೆ ಒಂದು ಗ್ಯಾಲನ್‌ಗೆ ಎರಡೂವರೆ ಟೇಬಲ್ ಸ್ಪೂನ್, ಎರಡು ಗ್ಯಾಲನ್ ಪಂಪಿಗೆ ಐದು. ಮೊದಲು ಅರ್ಧ ಟ್ಯಾಂಕ್ ನೀರು, ಆಮೇಲೆ ತಾಮ್ರ, ಕಲಕಿ, ಎಣ್ಣೆ, ಉಳಿದ ನೀರು. ಹೊಡೆಯುವಾಗಲೂ ಆಗಾಗ ಅಲ್ಲಾಡಿಸ್ತಿರಿ, ಇಲ್ಲದಿದ್ದರೆ ಎಣ್ಣೆ ಮೇಲೆ ತೇಲಿ ಕೊನೆಯ ಕೊಂಬೆಗೆ ಬರೀ ಎಣ್ಣೆ ಬೀಳುತ್ತೆ.

ಹತ್ತಡಿ ಮರಕ್ಕೆ ಒಂದೂವರೆಯಿಂದ ಎರಡು ಗ್ಯಾಲನ್ ಬೇಕೇ ಬೇಕು. ಮಂಜು ಹಾಕಿದ ಹಾಗೆ ಹೊಡೆದು ಮುಗಿಸಿದರೆ ರೋಗ ಕೊಂಬೆಯ ಆ ಬದಿಯಲ್ಲಿ ಬರುತ್ತೆ, ಅದೂ ನೀವು ನಿಂತಿರದ ಬದಿಯಲ್ಲಿ. ಮರದ ಸುತ್ತ ನಾಲ್ಕೂ ಕಡೆಯಿಂದ, ಒಳಗಿನಿಂದ ಹೊರಕ್ಕೂ, ತುದಿಯಿಂದ ಹನಿ ತೊಟ್ಟಿಕ್ಕುವಷ್ಟು. ಗಾಳಿ ಇರಬಾರದು, ಮಂಜು ಬೀಳೋ ರಾತ್ರಿ ಇರಬಾರದು, ಮುಂದಿನ ಒಂದೆರಡು ದಿನ ಮಳೆ ಇರಬಾರದು. ಕನ್ನಡಕ, ಗ್ಲೌಸ್, ಉದ್ದ ತೋಳಿನ ಅಂಗಿ. ತಾಮ್ರ ಮೀನಿಗೆ ವಿಷ. ಉಳಿದಿದ್ದನ್ನು ಡ್ರೈವ್‌ವೇ ಮೇಲೆ ಚೆಲ್ಲಬೇಡಿ, ಆ ಚರಂಡಿ ನೇರ ಹಳ್ಳಕ್ಕೆ, ಹಳ್ಳ ಕೊಲ್ಲಿಗೆ.

ಲೈಮ್ ಸಲ್ಫರ್ ಅಂತ ಹಳೇ ಪುಸ್ತಕಗಳಲ್ಲಿ ಇರುತ್ತೆ, ಈಗ ಮನೆಬಳಕೆಗೆ ಸಿಗಲ್ಲ. ತಾಮ್ರ ಬೇಡ ಅನ್ನೋರಿಗೆ ಕ್ಲೋರೋಥಲೋನಿಲ್ ಅನ್ನೋ ಶಿಲೀಂಧ್ರನಾಶಕ ಇದೆ. ಆದರೆ ಅದನ್ನು ಎಣ್ಣೆ ಜೊತೆ ಬೆರೆಸೋ ಹಾಗಿಲ್ಲ, ಕಣ್ಣಿಗೆ ಬಹಳ ಅಪಾಯ.

ಒಂದು ವರ್ಷ ತಪ್ಪಿತು ಅಂತಿಟ್ಟುಕೊಳ್ಳಿ. ಸುರುಟಿದ ಎಲೆ ಕಿತ್ತು ಹಾಕೋ ಕೆಲಸ ಬೇಡ. ಬಿಸಿಲೇರಿದ ಮೇಲೆ ಅವು ತಾನೇ ಉದುರಿ ಹೊಸ ಎಲೆ ಬರುತ್ತೆ. ಮರ ಸುಸ್ತಾಗಿರುತ್ತೆ, ಹಾಗಾಗಿ ಕಾಯಿ ಹೆಚ್ಚು ತೆಗೆದುಹಾಕಿ ನೀರು ತಪ್ಪಿಸದೆ ನೋಡಿಕೊಳ್ಳಿ. ಮುಂದೆ ಹೊಸ ಪೀಚ್ ನೆಡೋ ಯೋಚನೆ ಇದ್ದರೆ ‘ಫ್ರಾಸ್ಟ್’, ‘ಇಂಡಿಯನ್ ಫ್ರೀ’, ‘ಮ್ಯೂರ್’ ತಳಿಗಳು ಈ ರೋಗ ತಡೆಯುತ್ತವೆ. ಫ್ರಾಸ್ಟ್‌ಗೂ ಮೊದಲ ಎರಡು ಮೂರು ವರ್ಷ ಔಷಧಿ ಬೇಕು.

ಡಿಸೆಂಬರ್ ಕೊನೆಗೆ ಪ್ಲಮ್‌ಗೆ ಬರೀ ಎಣ್ಣೆ, 2 ಶೇಕಡಾ (ಗ್ಯಾಲನ್‌ಗೆ ಐದು ಟೇಬಲ್ ಸ್ಪೂನ್). ಹೇನಿನ ಮೊಟ್ಟೆ ಮೊಗ್ಗಿನ ಬುಡದಲ್ಲಿ ಚಳಿಗಾಲ ಕಳೆಯುತ್ತೆ, ಎಣ್ಣೆ ಅದರ ಉಸಿರು ಕಟ್ಟಿಸುತ್ತೆ. ಸ್ಯಾನ್ ಹೋಸೆ ಸ್ಕೇಲ್‌ಗೂ ಇದೇ ಮದ್ದು. ಹೌದು, ಜಗತ್ತಿನೆಲ್ಲೆಡೆ ಹಣ್ಣಿನ ತೋಟ ಕಾಡುವ ಆ ಶಲ್ಕಕೀಟಕ್ಕೆ ನಿಮ್ಮೂರಿನದೇ ಹೆಸರು. 1870ರ ದಶಕದಲ್ಲಿ ಅಲ್ಲೇ ಮೊದಲು ಕಣ್ಣಿಗೆ ಬಿದ್ದಿದ್ದು, ಮೂಲ ಚೀನಾ. ಮರಕ್ಕೆ ನೀರಿನ ಕೊರತೆ ಇದ್ದಾಗ ಎಣ್ಣೆ ಹೊಡೆಯಬೇಡಿ, ಕೊಂಬೆ ಸುಡುತ್ತೆ. ಮಳೆ ತಡವಾಗಿದ್ದರೆ ಎರಡು ದಿನ ಮುಂಚೆ ನೀರು ಬಿಡಿ.

---

ಕೊಳೆ_ಔಷಧಿ ಉತ್ತರ:

ಬೋರ್ಡೋ ಬಗ್ಗೆ ಕೇಳಿದ್ರಲ್ಲ, ಆಗುತ್ತೆ ಮಾರಾಯ್ರೆ. ಎಲೆ ಸುರುಟಿಗೆ ಇದು ಹಳೇ ಮದ್ದು. ಅಳತೆ ಕೊಳೆರೋಗಕ್ಕೆ ಅಡಿಕೆಗೆ ಹೊಡೆಯೋದರ ಹತ್ತಿರವೇ. ಊರಲ್ಲಿ 100 ಲೀಟರ್‌ಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಇಲ್ಲಿ 10-10-100 ಅಂತಾರೆ: 100 ಗ್ಯಾಲನ್‌ಗೆ ಹತ್ತು ಹತ್ತು ಪೌಂಡ್. ಒಂದು ಗ್ಯಾಲನ್‌ಗೆ ಇಳಿಸಿದರೆ ತಲಾ 45 ಗ್ರಾಂ. ನಮ್ಮ ಒಂದು ಶೇಕಡಾಕ್ಕಿಂತ ಒಂದು ಕೂದಲು ಖಾರ.

ಅರ್ಧ ಗ್ಯಾಲನ್ ನೀರಲ್ಲಿ ತುತ್ತ ಪೂರ್ತಿ ಕರಗಿಸಿ, ಇನ್ನರ್ಧದಲ್ಲಿ ಸುಣ್ಣ ಕದಡಿ. ಎರಡೂ ಪ್ಲಾಸ್ಟಿಕ್ ಬಕೆಟಿನಲ್ಲೇ, ಕಬ್ಬಿಣ, ತಗಡು ಬೇಡ. ಸುಣ್ಣದ ನೀರಿಗೆ ತುತ್ತದ ನೀರು ನಿಧಾನ ಹೊಯ್ಯುತ್ತಾ ಕಲಕಬೇಕು, ತಿರುಗಾಮುರುಗಾ ಆದರೆ ಗಸಿ ಕಟ್ಟಿ ನಾಝಲ್ ಬಂದ್. ಚೆನ್ನಾಗಿ ಉಜ್ಜಿದ ಕಬ್ಬಿಣದ ಮೊಳೆ ಒಂದು ನಿಮಿಷ ಅದ್ದಿ ತೆಗೀರಿ. ಕೆಂಪು ತಾಮ್ರ ಹತ್ತಿದರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು. ಸುಣ್ಣ ಹೊಸ ಚೀಲದ್ದೇ ಆಗಬೇಕು, ಗಾಳಿ ತಾಗಿ ಹಳತಾದದ್ದು ಪ್ರಯೋಜನ ಇಲ್ಲ. ಬಟ್ಟೆಯಲ್ಲಿ ಸೋಸಿ, ಅದೇ ದಿನ ಖಾಲಿ ಮಾಡಿ, ಮರುದಿನಕ್ಕೆ ಇಟ್ಟರೆ ಕಚ್ಚುವ ಗುಣ ಹೋಯ್ತು.

ಎರಡು ಎಚ್ಚರಿಕೆ. ಅಮೆರಿಕದ ಹಲವು ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ ಚರಂಡಿ ಪೈಪಿನೊಳಗಿನ ಬೇರು ಸಾಯಿಸೋಕೆ ಅಂತ ಮೈಲುತುತ್ತ ಮಾರ್ತಾರೆ. ನೋಡೋಕೆ ನಮ್ಮ ನೀಲಿ ತುತ್ತವೇ, ಅದು ಮರಕ್ಕೆ ಬೇಡ. ಲೇಬಲ್‌ನಲ್ಲಿ ಬರೆದಿರದ ಬಳಕೆ ಈ ದೇಶದಲ್ಲಿ ಕಾನೂನಿಗೆ ವಿರುದ್ಧ. ಶಿಲೀಂಧ್ರನಾಶಕ ಅಂತ ನೋಂದಣಿ ಇರೋದೇ ತನ್ನಿ. ಇನ್ನೊಂದು, ಎಲೆ ಇದ್ದಾಗ ಇದನ್ನು ಪೀಚ್‌ಗೆ ಹೊಡೆದರೆ ಎಲೆ ಸುಟ್ಟು ಉದುರುತ್ತೆ. ಅಡಿಕೆ ಮಳೆಗಾಲದಲ್ಲಿ ಸಹಿಸಿಕೊಳ್ಳುತ್ತೆ ಅಂತ ಇದೂ ಸಹಿಸಲ್ಲ. ಬೇಲಿ, ಗೋಡೆ, ನೆರೆಮನೆಯವರ ಕಾರು ಎಲ್ಲ ನೀಲಿಯಾಗುತ್ತೆ, ಹಳೇ ಬೆಡ್‌ಶೀಟ್ ಹೊದಿಸಿ.

ಒಂದೇ ಪೀಚ್ ಮರಕ್ಕೆ ಇಷ್ಟೆಲ್ಲ ಯಾಕೆ, ಬಾಟಲಿ ತಾಮ್ರವೇ ಸಾಕು ಅಂತ ನನ್ನ ಅಭಿಪ್ರಾಯ. ಹತ್ತು ಮರ ಇದ್ದರೆ ಬೋರ್ಡೋ ಲಾಭ.

---

ಹಿತ್ತಲ_ಬಾಗಿಲು:

ಬಾಟಲಿ ತಾಮ್ರವೇ ತರ್ತೀನಿ. ಏಪ್ರಿಕಾಟ್‌ಗೂ ಅದೇ ದಿನ, ಅದೇ ಟ್ಯಾಂಕಿನಲ್ಲಿ ಹೊಡೆಯಬಹುದಾ? ಒಣಗಿದ ಕೊಂಬೆಗಳನ್ನು ಈ ತಿಂಗಳೇ ಸವರಿ ಬಿಡ್ಲಾ? ಹಳೇ ಗಂಧಕದ ಪುಡಿಯೂ ಅರ್ಧ ಡಬ್ಬ ಇದೆ.

---

ಕತ್ತರಿ_ಕೈ ಉತ್ತರ:

ಗಂಧಕ ಏಪ್ರಿಕಾಟ್ ಹತ್ತಿರವೂ ಬೇಡ. ಆ ಮರಕ್ಕೆ ಗಂಧಕ ಒಗ್ಗಲ್ಲ, ಎಲೆ ಸುಟ್ಟು ಉದುರುತ್ತೆ. ಬೇರೆ ಮರಕ್ಕಾದರೂ ಎಣ್ಣೆ ಹೊಡೆದ ಮೂರ್ನಾಲ್ಕು ವಾರದೊಳಗೆ ಗಂಧಕ ಹಾಕಬಾರದು.

ಸವರೋದೂ ಈಗ ಬೇಡ. ಪೀಚ್, ಪ್ಲಮ್ ಚಳಿಗಾಲದಲ್ಲಿ ಕತ್ತರಿಸಬಹುದು. ಏಪ್ರಿಕಾಟ್ ಮತ್ತು ಚೆರ್ರಿಗೆ ಹಾಗಲ್ಲ, ಯೂಟೈಪಾ ಅನ್ನೋ ಶಿಲೀಂಧ್ರ ಮಳೆಯಲ್ಲಿ ಹರಡಿ ಹಸಿ ಗಾಯದಿಂದ ಒಳಹೊಕ್ಕು ಇಡೀ ಕೊಂಬೆ ಕೊಲ್ಲುತ್ತೆ. ಜುಲೈ, ಆಗಸ್ಟ್‌ನಲ್ಲಿ, ಅಂದರೆ ಮೊದಲ ಮಳೆಗೆ ಕನಿಷ್ಠ ಆರು ವಾರ ಮುಂಚೆ ಸವರಿ. ಈಗ ಕೈಯಲ್ಲಿ ಕೀಳಬಹುದಾದ್ದನ್ನಷ್ಟೇ ಮಾಡಿ: ಕೊಂಬೆಗೆ ಜೋತುಬಿದ್ದಿರೋ ಒಣಗಿದ ಕಪ್ಪು ಹಣ್ಣು ಒಂದನ್ನೂ ಬಿಡದೆ ಕಿತ್ತು, ನೆಲಕ್ಕೆ ಬಿದ್ದಿದ್ದನ್ನೂ ಆರಿಸಿ ಕಸದ ಬುಟ್ಟಿಗೆ ಹಾಕಿ. ಕಾಂಪೋಸ್ಟ್‌ಗೆ ಬೇಡ. ನಿಮ್ಮ ಹೂವು ಒಣಗಿಸ್ತಿರೋದು, ಹಣ್ಣು ಕೊಳೆಸ್ತಿರೋದು ಎರಡೂ ಒಂದೇ ರೋಗ, ಬ್ರೌನ್ ರಾಟ್. ಅದು ಚಳಿಗಾಲ ಕಳೆಯೋದು ಆ ಒಣ ಹಣ್ಣಲ್ಲಿ, ರೋಗ ತಗುಲಿದ ಕಡ್ಡಿಗಳಲ್ಲಿ.

ಡಿಸೆಂಬರ್ ಟ್ಯಾಂಕಿನ ತಾಮ್ರ ಏಪ್ರಿಕಾಟ್‌ಗೂ ಹೊಡೀರಿ, ಎಲೆಯಲ್ಲಿ ತೂತು ಮಾಡೋ ಶಾಟ್ ಹೋಲ್ ರೋಗ ತಡೆಯುತ್ತೆ. ಆದರೆ ಬ್ರೌನ್ ರಾಟ್‌ಗೆ ಅದು ಸಾಲದು. ಮೊಗ್ಗಿನ ತುದಿಯಲ್ಲಿ ಕೆಂಪು ಕಾಣಿಸಿ, ಇನ್ನೂ ಅರಳದ ಆ ನಾಲ್ಕೈದು ದಿನದಲ್ಲಿ ಇನ್ನೊಮ್ಮೆ ತಾಮ್ರ ಬೀಳಬೇಕು. ಅರಳಿದ ಮೇಲೆ ತಾಮ್ರ ಹೂವನ್ನೇ ಸುಡುತ್ತೆ. ಹೂವಿನ ಹೊತ್ತಿಗೆ ಮಳೆ ಹಿಡಿದರೆ ಲೇಬಲ್‌ನಲ್ಲಿ ಏಪ್ರಿಕಾಟ್ ಅಂತ ಹೆಸರು ಇರುವ ಬೇರೆ ಶಿಲೀಂಧ್ರನಾಶಕ ಬೇಕಾಗುತ್ತೆ. ಕೀಟನಾಶಕ ಮಾತ್ರ ಹೂವಿದ್ದಾಗ ಯಾವುದೂ ಬೇಡ, ಜೇನು ಸಾಯುತ್ತೆ. ಏಪ್ರಿಲ್‌ನಲ್ಲಿ ಕಾಯಿಗೆ ಕಾಯಿ ತಾಗದ ಹಾಗೆ ಎರಡರಿಂದ ನಾಲ್ಕು ಇಂಚಿಗೊಂದು ಬಿಟ್ಟು ಉಳಿದಿದ್ದು ಕೀಳಿ. ಪೀಚ್‌ಗೆ ಐದರಿಂದ ಏಳು ಇಂಚು. ಕಾಯಿ ಒಂದಕ್ಕೊಂದು ಒತ್ತಿಕೊಂಡ ಜಾಗದಲ್ಲೇ ಕೊಳೆ ಶುರುವಾಗೋದು.

15 ಅಡಿ ಮರಕ್ಕೆ ಕೈಪಂಪು ತಲುಪಲ್ಲ. ಏಣಿ ಹತ್ತಿ ಔಷಧಿ ಹೊಡೆಯೋ ಸಾಹಸ ಬೇಡ, ಮುಖಕ್ಕೇ ಬೀಳುತ್ತೆ. ಎರಡು ಬೇಸಿಗೆಯಲ್ಲಿ ಹಂತಹಂತವಾಗಿ 9 ಅಡಿಗೆ ಇಳಿಸಿ. ಇಳಿಸಿದಾಗ ಬಿಸಿಲಿಗೆ ತೆರೆದುಕೊಂಡ ಕೊಂಬೆ, ಕಾಂಡಕ್ಕೆ ಬಿಳಿ ಇಂಟೀರಿಯರ್ ಲೇಟೆಕ್ಸ್ ಪೇಂಟ್‌ಗೆ ಅಷ್ಟೇ ನೀರು ಬೆರೆಸಿ ಬಳಿಯಿರಿ. ಬಿಸಿಲಿಗೆ ತೊಗಟೆ ಸೀಳಿದರೆ ಕೊರೆಯುವ ಹುಳು ಅಲ್ಲೇ ಮೊಟ್ಟೆ ಇಡುತ್ತೆ.

---

ಜರ್ಸಿ_ತೋಟ ಉತ್ತರ:

ಪೂರ್ವ ಕರಾವಳಿಯಲ್ಲಿ ಇದನ್ನು ಓದ್ತಿರೋರಿಗೆ ಒಂದು ಮಾತು, ಮೇಲಿನದ್ದನ್ನು ಹಾಗೇ ನಕಲು ಮಾಡಬೇಡಿ. ನ್ಯೂಜೆರ್ಸಿಯಲ್ಲಿ ಮಣ್ಣು ಹುಳಿ, ಇಲ್ಲಿ ಸುಣ್ಣ ಬೇಕಾಗುತ್ತೆ (ಪಿಎಚ್ 6ರಿಂದ 6.5 ಗುರಿ, ಮಣ್ಣು ಪರೀಕ್ಷೆ ಮಾಡಿಸಿ). ಗೊಬ್ಬರ ಏಪ್ರಿಲ್‌ನಲ್ಲೇ ಮುಗಿಸಿ. ಜುಲೈ ದಾಟಿ ಹಾಕಿದರೆ ಚಿಗುರು ಬಲಿಯದೆ ಚಳಿಗೆ ಸುಟ್ಟುಹೋಗುತ್ತೆ. ಎಲೆ ಸುರುಟಿಗೆ ನಮಗೆ ಒಂದೇ ಸಲ ತಾಮ್ರ ಸಾಕು.

ನಮ್ಮ ತಲೆನೋವು ಪ್ಲಮ್ ಕರ್ಕ್ಯುಲಿಯೊ ಅನ್ನೋ ಸೊಂಡಿಲ ಹುಳು, ಕ್ಯಾಲಿಫೋರ್ನಿಯಾದವರಿಗೆ ಇಲ್ಲದ ಕಾಟ. ಪುಟ್ಟ ಕಾಯಿ ಮೇಲೆ ಅರ್ಧಚಂದ್ರದ ಗಾಯ ಕಂಡರೆ ಒಳಗೆ ಮೊಟ್ಟೆ ಇದೆ, ಆ ಕಾಯಿ ಉದುರುತ್ತೆ. ಹೂವಿನ ದಳ ಉದುರಿದ ದಿನದಿಂದಲೇ ಕೇಓಲಿನ್ ಜೇಡಿ ಪುಡಿ ಗ್ಯಾಲನ್‌ಗೆ ಅರ್ಧ ಪೌಂಡ್ ಕದಡಿ ಹೊಡೀರಿ, ಮರ ಪೂರ್ತಿ ಬಿಳಿಯಾಗಬೇಕು. ವಾರಕ್ಕೊಮ್ಮೆ, ಮಳೆ ಬಂದು ತೊಳೆದರೆ ಮತ್ತೆ, ಒಂದೂವರೆ ತಿಂಗಳು. ಜೊತೆಗೆ ತಂಪಿರೋ ಬೆಳಗ್ಗೆ ಮರದ ಕೆಳಗೆ ಬಿಳಿ ಬಟ್ಟೆ ಹಾಸಿ ಕೊಂಬೆಗೆ ಬಟ್ಟೆ ಸುತ್ತಿದ ಕೋಲಿಂದ ಒಮ್ಮೆ ಜೋರಾಗಿ ಬಡಿಯಿರಿ. ಹುಳು ಕಾಲು ಮಡಚಿ ಸತ್ತ ಹಾಗೆ ಬೀಳುತ್ತೆ, ಕಸದ ಚೂರು ಅಂದುಕೊಂಡು ಬಿಟ್ಟರೆ ಮತ್ತೆ ಹತ್ತುತ್ತೆ. ಸೋಪು ನೀರಿಗೆ ಹಾಕಿ. ಉದುರಿದ ಕಾಯಿ ದಿನಾ ಆರಿಸಿ, ಅದರಿಂದ ಹೊರಬರೋ ಮರಿಹುಳು ಮಣ್ಣಿಗಿಳಿದು ಕೋಶ ಕಟ್ಟುತ್ತೆ.

ಪ್ಲಮ್ ಕೊಂಬೆ ಮೇಲೆ ಕರೀ ಗಂಟು ಕಂಡರೆ ಅದು ಬ್ಲ್ಯಾಕ್ ನಾಟ್. ಔಷಧಿಗೆ ಜಗ್ಗಲ್ಲ. ಚಳಿಗಾಲದ ಕೊನೆಯೊಳಗೆ ಗಂಟಿಗಿಂತ ನಾಲ್ಕು ಇಂಚು ಕೆಳಗೆ ಕತ್ತರಿಸಿ, ಕತ್ತರಿಸಿದ್ದನ್ನು ಹಿತ್ತಲಲ್ಲೇ ರಾಶಿ ಹಾಕದೆ ಕಸಕ್ಕೆ ಕೊಡಿ, ಬಿದ್ದ ಕೊಂಬೆಯಿಂದಲೂ ಬೀಜಕಣ ಹಾರುತ್ತೆ.